ಉಬ್ಬುಮೀನಿನ ವಿಷ ನಿಲ್ಲಿಸುವುದು ಉಸಿರನ್ನು, ಹೃದಯವನ್ನಲ್ಲ

ಮಾನ್ಯ ಸಂಪಾದಕರೇ,

ಜಪಾನಿನಲ್ಲಿ ‘ಫುಗು’ ಎನ್ನುವ ಉಬ್ಬುಮೀನಿನ ಕುರಿತ ಬರಹಗಳು ಅದರ ವಿಷ ‘ಹೃದಯವನ್ನೇ ನಿಲ್ಲಿಸುತ್ತದೆ’ ಎಂದು ಹೇಳಿ ಮುಗಿಸುವುದುಂಟು. ಬರೀ ಪಾಠದ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ರೋಗಿ ಉಳಿಯುವುದೂ ಅಳಿಯುವುದೂ ಇದನ್ನೇ ಅವಲಂಬಿಸಿದೆ.

ನರದ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳಿಂದ ಸೋಡಿಯಂ ಅಯಾನುಗಳು ಒಳನುಗ್ಗಿದರೆ ಮಾತ್ರ ನರಸಂದೇಶ ಮುಂದೆ ಹರಿಯುತ್ತದೆ. ಟೆಟ್ರೊಡೋಟಾಕ್ಸಿನ್ ಎಂಬ ಈ ವಿಷದ ಅಣು ಆ ದ್ವಾರದ ಹೊರಬಾಯಿಗೆ ಬಿರಡೆಯಂತೆ ಕೂರುತ್ತದೆ. ಅದು ಸೋಡಿಯಂ ಹರಿವನ್ನು ತಡೆದು ಪೊಟ್ಯಾಸಿಯಂ ಹರಿವನ್ನು ಮುಟ್ಟುವುದಿಲ್ಲ ಎಂಬುದನ್ನು ತೋಶಿಯೊ ನರಾಹಾಶಿ ಮತ್ತು ಸಂಗಡಿಗರು 1964ರಲ್ಲಿ ಪ್ರಯೋಗದಿಂದ ತೋರಿಸಿದರು. ತಿಂದವರಿಗೆ ಮೊದಲು ತುಟಿ, ನಾಲಿಗೆ ಜುಮುಗುಟ್ಟುತ್ತವೆ. ಬಳಿಕ ವಾಂತಿ, ತೊದಲು ಮಾತು, ಕೈಕಾಲುಗಳ ಸೋಲು, ರಕ್ತದೊತ್ತಡದ ಕುಸಿತ. ವಿಷ ಹೆಚ್ಚಿದ್ದರೆ ಕೊನೆಗೆ ಉಸಿರೆಳೆಯುವ ವಪೆಯೂ ಸೋಲುತ್ತದೆ. ಹೃದಯಸ್ನಾಯುವಿನ ಸೋಡಿಯಂ ದ್ವಾರಗಳ ಬಾಯಲ್ಲಿ ಒಂದು ಅಮೈನೋ ಆಮ್ಲ ಬೇರೆಯಾಗಿರುವುದರಿಂದ ವಿಷ ಅಲ್ಲಿ ಸುಲಭವಾಗಿ ಅಂಟುವುದಿಲ್ಲ. ಹಾಗಾಗಿ ಉಸಿರು ನಿಂತ ಮೇಲೂ ಹೃದಯ ಕೆಲಹೊತ್ತು ಮಿಡಿಯುತ್ತಿರುತ್ತದೆ. ಅದು ಸೋಲುವುದು ಮುಖ್ಯವಾಗಿ ಆಮ್ಲಜನಕ ಸಿಗದೆ.

ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. ವಿಷ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟದ ಕಾರಣ, ಅಲುಗಾಡದೆ, ಕಣ್ಣಪಾಪೆಯೂ ಬೆಳಕಿಗೆ ಸ್ಪಂದಿಸದೆ ಮಲಗಿರುವ ರೋಗಿಗೆ ಪ್ರಜ್ಞೆ ಇದ್ದು, ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿರಬಹುದು. ಇದಕ್ಕೆ ಪ್ರತಿವಿಷವಿಲ್ಲ. ಆದರೆ ಕೃತಕ ಉಸಿರಾಟ ತಡವಿಲ್ಲದೆ ದೊರೆತು, ಮೊದಲ 24 ಗಂಟೆ ಕಳೆದರೆ ಸಾಮಾನ್ಯವಾಗಿ ರೋಗಿ ಚೇತರಿಸಿಕೊಳ್ಳುತ್ತಾನೆ.

ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಯೂ ಸುಳ್ಳು. ಬೆಂಕಿಗೆ ಅದು ಜಗ್ಗುವುದಿಲ್ಲ. ವಿಷ ತುಂಬಿದ ಯಕೃತ್ತು, ಅಂಡಾಶಯಗಳನ್ನು ಪರವಾನಗಿ ಪಡೆದ ಬಾಣಸಿಗ ಕತ್ತರಿಸಿ ತೆಗೆಯಬೇಕು. ಜಪಾನಿನ ಸಾಂಪ್ರದಾಯಿಕ ರಂಗಕಲೆಯಾದ ಕಬುಕಿಯ ಹೆಸರಾಂತ ನಟ ಎಂಟನೆಯ ಬಾಂಡೊ ಮಿತ್ಸುಗೊರೊ 1975ರಲ್ಲಿ ಕ್ಯೋಟೊದಲ್ಲಿ ತೀರಿಕೊಂಡದ್ದು ಈ ಮೀನಿನ ಯಕೃತ್ತನ್ನು ಬಯಸಿ ತಿಂದೇ. ಅಂದಹಾಗೆ, ವಿಷದ ಮೂಲ ಮೀನಲ್ಲ, ಬ್ಯಾಕ್ಟೀರಿಯಾಗಳು. ಅದು ಆಹಾರದ ಮೂಲಕ ಮೀನಿನಲ್ಲಿ ಸೇರಿಕೊಳ್ಳುತ್ತದೆ. ಮೀನಿನ ನರದ್ವಾರಗಳು ಮಾತ್ರ ಅದಕ್ಕೆ ಮಣಿಯದಂತೆ ಮಾರ್ಪಟ್ಟಿವೆ.

ಉಬ್ಬುಮೀನುಗಳು ನಮ್ಮ ಕರಾವಳಿಯ ಬಲೆಗಳಿಗೂ ಬೀಳುತ್ತವೆ. ಇನ್ನು ಮುಂದೆ ಈ ವಿಷಯ ಪ್ರಕಟಿಸುವಾಗ, ತುಟಿ ಜುಮುಗುಟ್ಟಿದ ಕೂಡಲೇ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಧಾವಿಸಬೇಕೆಂಬ ಒಂದು ಸಾಲನ್ನು ದಯವಿಟ್ಟು ಸೇರಿಸಿ.

ಇತಿ,
ನಿವೃತ್ತ ಶರೀರಕ್ರಿಯಾಶಾಸ್ತ್ರ ಅಧ್ಯಾಪಕ, ಮಂಗಳೂರು