ಕುಸ್ವಾರಿನ ಖರ್ಚು ಕೈಮೀರದಿರಲಿ

ಮಾನ್ಯರೇ,

ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಖರ್ಚು ಏರುವುದು ಕುಸ್ವಾರಿನ (ಹಬ್ಬಕ್ಕೆ ಮಾಡಿ ಹಂಚುವ ತಿಂಡಿಗಳ) ಬಾಣಲೆಯಿಂದಲೇ. ಕರ್ಜಿಕಾಯಿಯಂಥ ನೆವ್ರಿಯ ಅಂಚನ್ನು ಸರಿಯಾಗಿ ಒತ್ತದಿದ್ದರೆ ಬಾಯಿಬಿಟ್ಟು, ಎಳ್ಳು-ಸಕ್ಕರೆಯ ಹೂರಣ ಎಣ್ಣೆಗಿಳಿದು ಸೀದುಹೋಗುತ್ತದೆ. ಕಪ್ಪಾದ ಅಷ್ಟೂ ಎಣ್ಣೆ ದಂಡ. ಆದ್ದರಿಂದ ತುಕ್ಡಿ, ಕಿಡಿಯೊಗಳಂಥ ಹೂರಣವಿಲ್ಲದ ತಿಂಡಿಗಳನ್ನು ಮೊದಲು ಕರಿದು ನೆವ್ರಿಯನ್ನು ಕೊನೆಗಿಡಿ. ಹಂಚುವ ಮನೆಗಳನ್ನು ಮುಂಚೆಯೇ ಎಣಿಸಿ: ಮನೆಗೆ ಕಾಲು ಕೆ.ಜಿ.ಯಂತೆ 12 ಮನೆಗೆ 3 ಕೆ.ಜಿ. ಸಾಕು.

ಬಟ್ಟೆ, ಉಡುಗೊರೆಗೆ ಕ್ರೆಡಿಟ್ ಕಾರ್ಡ್ ಉಜ್ಜುವಾಗ ಎಚ್ಚರ. ಬಿಲ್ಲಿನಲ್ಲಿ ತೋರಿಸಿದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಬಾಕಿಗೆ ಬಡ್ಡಿ ಬೀಳುವುದಲ್ಲದೆ, ಜನವರಿಯ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗದು. ಬಡ್ಡಿಯಷ್ಟನ್ನು ರಿಯಾಯಿತಿಯಾಗಿ ಕಳೆದು ಕೊಡುವ ‘ನೋ ಕಾಸ್ಟ್ ಇಎಂಐ’ (ಮಾಸಿಕ ಕಂತು) ಯೋಜನೆಯಲ್ಲೂ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಬಹಳ ಕಡೆ ಪ್ರೊಸೆಸಿಂಗ್ ಶುಲ್ಕವೂ ಇರುತ್ತದೆ. ಹಬ್ಬದ ಜಾಹೀರಾತುಗಳಲ್ಲಿ ಇದನ್ನು ದೊಡ್ಡಕ್ಷರದಲ್ಲೇ ಮುದ್ರಿಸಬೇಕು.

– ಓದುಗರು, ಮಂಗಳೂರು