ದನಿ ಒಡೆದ ಮೊಮ್ಮಗನಿಗೆ

ದಾವಣಗೆರೆ

ಪ್ರೀತಿಯ ಪುಟ್ಟನಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನಮ್ಮ ಎಲ್ಲಾ ಹೇಳಿದಳು. ಶಾಲೆಯ ಕಾರ್ಯಕ್ರಮದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತಂತೆ, ಹುಡುಗರು ನಕ್ಕರಂತೆ. ಅವತ್ತಿನಿಂದ ಹಾಡೇ ಬೇಡ ಅಂತ ಕೂತಿದ್ದೀಯಂತೆ. ಫೋನಿನಲ್ಲಿ ಕೇಳಿದರೆ 'ಹ್ಞೂಂ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ನಿನ್ನ ಗಂಟಲು ಕೆಟ್ಟಿಲ್ಲ ಮಗಾ. ನಿನ್ನ ವಯಸ್ಸಿಗೆ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ. ಅದರೊಳಗಿನ ತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ 'ಸಾ'ದಿಂದ ಕೆಳಗಿನ 'ಸಾ'ವರೆಗಿನಷ್ಟು, ಕೆಳಗಿಳಿಯುತ್ತದೆ. ಇಷ್ಟೆಲ್ಲಾ ಬದಲಾದ ಗಂಟಲು ಹಿಡಿತಕ್ಕೆ ಸಿಗೋಕೆ ಸಮಯ ಬೇಕು ಅಲ್ವಾ? ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ವರ್ಷದ ಮೇಲೆ. ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದರು. ಎಂಬತ್ತರ ಹತ್ತಿರ ಬಂದಾಗಲೂ ಹಾಡುತ್ತಿದ್ದರು. ನಡುವೆ ಅವರ ದನಿಯೂ ಬದಲಾಗಿಯೇ ಇರಬೇಕು.

ನಾನು ಹಾಡು ಕಲಿತದ್ದು ಬೀಸುಕಲ್ಲಿನ ಮುಂದೆ. ನಮ್ಮಮ್ಮ, ದೊಡ್ಡಮ್ಮ ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಕೋಳಿ ಕೂಗೋ ಹೊತ್ತು. ತ್ರಿಪದಿಯ ಸಾಲು ಕಲ್ಲಿನ ಸುತ್ತಿಗೆ ಸರಿಯಾಗಿ ಬರುತ್ತಿತ್ತು. ಗೂಟ ತಮ್ಮ ಕಡೆ ಬರುವಾಗ ಹಾಡು, ಆ ಕಡೆ ಹೋಗುವಾಗ ಉಸಿರು. ಕಾಳು ಜಾಸ್ತಿ ಬಿದ್ದು ಕಲ್ಲು ಭಾರವಾದರೆ ಸಾಲೂ ನಿಧಾನವಾಗುತ್ತಿತ್ತು. ದೊಡ್ಡಮ್ಮನ ದನಿ ಗೊಗ್ಗರು. ಆದರೂ ಅವಳು ಹಾಡದ ದಿನ ಬೀಸೋದು ಬೇಗ ಮುಗಿಯುತ್ತಲೇ ಇರಲಿಲ್ಲ. ನಮ್ಮ ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡು ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಆ ಗೌರವ ಬಂದದ್ದು ಆಮೇಲೆ. ಹಾಡು ಮೊದಲಿಂದಲೂ ಇತ್ತು.

ಮದುವೆಯಾಗಿ ದಾವಣಗೆರೆಗೆ ಬಂದೆ. ನಿಮ್ಮಜ್ಜ ಹತ್ತಿ ಮಿಲ್ಲಿಗೆ ಹೋದ ಮೇಲೆ ಓಣಿಯ ಹೆಂಗಸರ ಜೊತೆ ಕೂತು ವಚನ ಹಾಡೋದು ಕಲಿತೆ. ಆಗ ನನ್ನದು ಐದೂವರೆ ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಎತ್ತರದ ಮನೆಯಲ್ಲಿ ನನ್ನ 'ಸಾ'. ಐವತ್ತು ದಾಟಿದ ಮೇಲೆ ಮೇಲಿನ ಷಡ್ಜ, ಅಂದರೆ ಮೇಲಿನ 'ಸಾ', ನಿಲ್ಲದಾಯಿತು. ಆ ವಯಸ್ಸಿಗೆ ಹೆಂಗಸರ ದನಿ ಇಳಿಯುತ್ತದೆ. ಗಂಡಸರಿಗೆ ತೀರಾ ವಯಸ್ಸಾದ ಮೇಲೆ ಸ್ವಲ್ಪ ಏರುತ್ತದೆ. ನನಗೆ ಬಹಳ ಸಂಕಟವಾಗಿತ್ತು. ಒಂದು ದಿನ ನಮ್ಮ ಹಾರ್ಮೋನಿಯಂನವರು ಒಂದು ಮಾತೂ ಆಡದೆ ಬೆರಳನ್ನು ಕೆಳಗಿನ ನಾಲ್ಕು ಮನೆ ಶ್ರುತಿಗೆ ಸರಿಸಿದರು. ಅದೇ ಬಸವಣ್ಣನ ವಚನ, ಅದೇ ರಾಗ. ಆದರೆ ಕೆಳಗಿನ ಪಂಚಮ, ಆ 'ಪ' ಸ್ವರ, ಹಿಡಿದಾಗ ಅಲ್ಲಿಯವರೆಗೂ ನನಗೆ ಸಿಗದಿದ್ದ ಒಂದು ತುಂಬುದನಿ ಸಿಕ್ಕಿತು. ಹರೆಯದಲ್ಲಿ ನನಗೆ ಆ ಜಾಗ ಇರಲೇ ಇಲ್ಲ. ಒಂದೇ ಗಂಟಲಿಗೆ ಒಂದು ಜನ್ಮದಲ್ಲಿ ಮೂರು ನಾಲ್ಕು ದನಿ ಬರುತ್ತವೆ ಪುಟ್ಟ. ನಿನಗೆ ಎರಡನೆಯದು ಈಗ ಬರುತ್ತಿದೆ. ಅದು ಬರೋ ಹೊತ್ತಿಗೆ ನೀನು ಬಾಗಿಲು ಹಾಕಿಕೊಂಡರೆ ಹೇಗೆ?

ಹಳೇ ಶ್ರುತಿ ಬಿಟ್ಟುಬಿಡು. ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಆರಾಮಾಗಿ ಬರುವ 'ಸಾ' ಹುಡುಕು. ತಿಂಗಳಿಗೊಮ್ಮೆ ಮತ್ತೆ ಹುಡುಕು, ಅದು ಜಾಗ ಬದಲಿಸುತ್ತಿರುತ್ತದೆ. ಮೊದಲ ಪಾಠದ ಸರಳೆ ವರಸೆಯನ್ನು ಮಧ್ಯ ಸ್ಥಾಯಿಯಲ್ಲೇ ನಿಧಾನಕ್ಕೆ ಹಾಡು. ಮೇಲಕ್ಕೆ ಎಳೆಯಬೇಡ. ದೊಡ್ಡವರ ಹಾಗೆ ಕಾಣಿಸಬೇಕು ಅಂತ ಕೆಳಕ್ಕೂ ಒತ್ತಬೇಡ. ಒಡೆದರೆ ಒಡೆಯಲಿ, ಮುಂದಿನ ಸ್ವರಕ್ಕೆ ಹೋಗು. ಕ್ರಿಕೆಟ್ ಆಡುವಾಗ ಕಿರುಚೋದು ಕಮ್ಮಿ ಮಾಡು. ಸುಮ್ಸುಮ್ನೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳೋ ಚಟ ಬೇಡ. ನೀರನ್ನು ಹಾಡುವ ಮುಂಚೆ ಮಾತ್ರ ಕುಡಿದರೆ ಸಾಲದು. ಕುಡಿದ ನೀರು ಆ ತಂತುಗಳನ್ನು ಮುಟ್ಟೋದೇ ಇಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಮೈಯಲ್ಲಿ ನೀರಿದ್ದರೆ ಅವು ಒದ್ದೆಯಾಗಿರುತ್ತವೆ, ಅದಕ್ಕೆ ದಿನವಿಡೀ ಕುಡೀತಿರು. ದನಿ ಕಟ್ಟಿಕೊಂಡು ಮೂರು ನಾಲ್ಕು ವಾರ ಹಾಗೇ ಉಳಿದರೆ ಮಾತ್ರ ಅಮ್ಮನಿಗೆ ಹೇಳಿ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸು.

ನಕ್ಕ ಹುಡುಗರ ಮೇಲೆ ಸಿಟ್ಟು ಬೇಡ. ಅವರ ದನಿಯೂ ಒಡೆಯೋದೇ.

ಶ್ರಾವಣಕ್ಕೆ ಇಲ್ಲಿಗೆ ಬಾ. ಸೋಮವಾರ ರಾತ್ರಿ ನಮ್ಮ ಓಣಿಯ ಗುಡಿಯಲ್ಲಿ ಭಜನೆ ಇರುತ್ತದೆ. ಮುಂದೆ ಕೂತು ಹೇಳೋರು ಬೇಕಾದಷ್ಟು ಜನ ಇದ್ದಾರೆ. ಹಿಂದಿನಿಂದ ಕೆಳದನಿಯಲ್ಲಿ ಪಲ್ಲವಿ ಹಿಡಿಯೋ ಹುಡುಗರು ಇಲ್ಲ. ಯಾವ ಬಸ್ಸಿಗೆ ಬರುತ್ತೀಯ ಅಂತ ಮೊದಲೇ ತಿಳಿಸು, ನಾನೇ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ.

ನಿನ್ನ ಅಜ್ಜಿ