50 ಮರದ ನೋಟಿಸು ಯಾರ ಕಣ್ಣಿಗೆ ಬೀಳುತ್ತೆ?

ಸಂಪಾದಕರೇ,

ಮರ ಕಡಿಯೋ ಪರ್ಮಿಷನ್ ವಿಷ್ಯದಲ್ಲಿ ನಮ್ಮ ರಾಜ್ಯದ ಕಾನೂನೇನೂ ಕೆಟ್ಟದಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ 50ಕ್ಕಿಂತ ಜಾಸ್ತಿ ಮರ ಕಡಿಬೇಕಂದ್ರೆ ವೃಕ್ಷಾಧಿಕಾರಿ ಪಬ್ಲಿಕ್ ನೋಟಿಸ್ ಕೊಟ್ಟು 10 ದಿನದೊಳಗೆ ಜನರ ಆಕ್ಷೇಪಣೆ ಕೇಳ್ಬೇಕು. ಆದ್ರೆ 10 ದಿನ ಯಾವ ಲೆಕ್ಕ ಸಾರ್, ಆ ನೋಟಿಸು ಟೆಂಡರ್ ಜಾಹೀರಾತಿನ ಮಧ್ಯೆ ಕಣ್ಣಿಗೆ ಬಿದ್ದು, ಯಾವ ರಸ್ತೆ ಯಾವ ಮರ ಅಂತ ಹೋಗಿ ನೋಡ್ಕೊಂಡು ಬಂದು ಅರ್ಜಿ ಬರೆಯೋಷ್ಟ್ರಲ್ಲಿ ಗಡುವೇ ಮುಗ್ದಿರುತ್ತೆ. ಇನ್ನು 48, 49 ಅಂತ ತುಂಡು ತುಂಡಾಗಿ ಅರ್ಜಿ ಹಾಕಿದ್ರೆ ನೋಟಿಸೂ ಬೇಡ!

ಕಾಡಿನ ಕಥೆ ಇನ್ನೂ ಬೇರೆ. 2013ರಲ್ಲಿ ಒಡಿಶಾದ ನಿಯಮಗಿರಿ ಗಣಿ ವಿಚಾರದಲ್ಲಿ ಗ್ರಾಮಸಭೆಗಳೇ ತೀರ್ಮಾನ ಮಾಡ್ಲಿ ಅಂತು ಸುಪ್ರೀಂ ಕೋರ್ಟ್, 12ಕ್ಕೆ 12 ಹಳ್ಳಿನೂ ಬೇಡ ಅಂದ್ವು. ಆದ್ರೆ 2022ರಲ್ಲಿ ಬಂದ ಅರಣ್ಯ ಸಂರಕ್ಷಣಾ ನಿಯಮದಲ್ಲಿ, ಕಾಡನ್ನ ಬೇರೆ ಕೆಲಸಕ್ಕೆ ಬಳಸೋಕೆ ಕೇಂದ್ರ ಮೊದ್ಲೇ ಒಪ್ಪಿಗೆ ಕೊಡಬಹುದಿತ್ತು, ಅಲ್ಲಿನ ಜನರ ಅರಣ್ಯ ಹಕ್ಕಿನ ಇತ್ಯರ್ಥ ಆಮೇಲೆ ರಾಜ್ಯದ ತಲೆಗೆ. ತಾಳಿ ಕಟ್ಟಿದ್ಮೇಲೆ ಹುಡುಗಿನ ಒಪ್ಪಿಗೆ ಕೇಳ್ದಂಗಾಯ್ತು.

ಸದ್ಯಕ್ಕೆ ಮರದ ನೋಟಿಸಿನ ಆ 10 ದಿನದ ಗಡುವನ್ನ 30 ದಿನ ಮಾಡಿ, ಮರದ ಜಾತಿ, ಸರ್ವೆ ನಂಬರ್ ಸಮೇತ ನೋಟಿಸನ್ನ ಪಂಚಾಯ್ತಿ ಬೋರ್ಡಲ್ಲೂ ಹಾಕ್ಲಿ.

— ಒಬ್ಬ ಓದುಗ, ಶಿರಸಿ